‘ಹರ್ಟ್ಜ್’ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟವೇ? ಹೊಸ ಟಿ.ವಿ. ಕೊಳ್ಳುವ ಮುನ್ನ ತಿಳಿದಿರಬೇಕಾದ ಲೆಕ್ಕ

ಹಾವೇರಿ: ದೀಪಾವಳಿ ಬಂತೆಂದರೆ ಜಿಲ್ಲೆಯಲ್ಲಿ ಎರಡು ಬಗೆಯ ಓಟಗಳು ಆರಂಭವಾಗುತ್ತವೆ. ಕೊಬ್ಬರಿ ಸರ, ಬಲೂನು, ಬಣ್ಣದ ರಿಬ್ಬನ್ ತೊಟ್ಟ ಹೋರಿಗಳು ಅಖಾಡದಲ್ಲಿ ಓಡುವುದು ಒಂದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಪೇಟೆಗಳಲ್ಲಿ ಹಬ್ಬದ ರಿಯಾಯಿತಿ ಹುಡುಕಿಕೊಂಡು ಗ್ರಾಹಕರು ಓಡುವುದು ಇನ್ನೊಂದು. ಎರಡನೆಯ ಓಟದಲ್ಲಿ ದೊಡ್ಡ ಪರದೆಯ ಟಿ.ವಿ.ಗೆ ಅಗ್ರಸ್ಥಾನ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲಂತೂ ದೊಡ್ಡ ಪರದೆಯ ಆಸೆಗೆ ಇನ್ನಷ್ಟು ಬಲ ಬಂದಿದೆ.

ಅಂಗಡಿಯಲ್ಲಿ ಅಕ್ಕಪಕ್ಕ ನಿಲ್ಲಿಸಿದ ಎರಡು ಟಿ.ವಿ.ಗಳು ಹೆಚ್ಚೂಕಡಿಮೆ ಒಂದೇ ರೀತಿ ಕಾಣುತ್ತವೆ. ಒಂದರ ಮೇಲೆ 60 ಹರ್ಟ್ಜ್ ಎಂದೂ ಇನ್ನೊಂದರ ಮೇಲೆ 120 ಹರ್ಟ್ಜ್ ಎಂದೂ ಬರೆದಿರುತ್ತದೆ. ಬೆಲೆಯಲ್ಲಿ ಮಾತ್ರ ಸಾವಿರಾರು ರೂಪಾಯಿಗಳ ಅಂತರ. ಹೆಚ್ಚಿನ ಹರ್ಟ್ಜ್ ಇದ್ದರೆ ವೇಗದ ದೃಶ್ಯಗಳು ಮಸುಕಾಗುವುದಿಲ್ಲ ಎಂಬ ಭರವಸೆಯ ಮೇಲೆ ಗ್ರಾಹಕ ಆ ಅಂತರವನ್ನು ತೆರುತ್ತಾನೆ. ಮನೆಗೆ ತಂದು ಸಿನಿಮಾ ಹಾಕಿದಾಗ ಹೊಡೆದಾಟದ ದೃಶ್ಯ ಹಳೆಯ ಟಿ.ವಿ.ಯಲ್ಲಿ ಕಂಡಷ್ಟೇ ಮಸುಕಾಗಿ ಕಾಣುತ್ತದೆ. ಇಲ್ಲವೇ ಮಸುಕು ಹೋಗಿ ಇಡೀ ಸಿನಿಮಾ ಧಾರಾವಾಹಿಯಂತೆ ಕಾಣತೊಡಗುತ್ತದೆ.

ತಪ್ಪು ಯಂತ್ರದ್ದಲ್ಲ, ಲೆಕ್ಕದ್ದು. ಚಲನಚಿತ್ರದ ಮಟ್ಟಿಗೆ ಹೇಳುವುದಾದರೆ ಹರ್ಟ್ಜ್ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಮಸುಕು ಕಡಿಮೆಯಾಗುವುದಿಲ್ಲ. ಅದರಿಂದ ದೊರೆಯುವ ನಿಜವಾದ ಲಾಭವೇ ಬೇರೆ. ಆ ಲಾಭವನ್ನು ಹಲವು ಸಂದರ್ಭಗಳಲ್ಲಿ ಹೆಚ್ಚಿನ ಹಣ ಕೊಡದೆಯೂ ಪಡೆಯಬಹುದು.

ಬ್ಯಾಡಗಿ ಮೆಣಸಿನಕಾಯಿಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಯ ಬಣ್ಣ ಕಡುಗೆಂಪು, ಖಾರ ಮಾತ್ರ ಕಡಿಮೆ. ಬಣ್ಣವನ್ನು ಅಳೆಯುವ ಮಾನ ಒಂದು, ಖಾರವನ್ನು ಅಳೆಯುವ ಮಾನ ಇನ್ನೊಂದು. ಬಣ್ಣ ನೋಡಿ ಖಾರವನ್ನು ಊಹಿಸಿದವರು ಹೇಗೆ ಎಡವುತ್ತಾರೋ, ಹರ್ಟ್ಜ್ ನೋಡಿ ಸ್ಪಷ್ಟತೆಯನ್ನು ಊಹಿಸಿದವರೂ ಹಾಗೆಯೇ ಎಡವುತ್ತಾರೆ.

ಎರಡು ಸಂಖ್ಯೆಗಳು, ಎರಡು ಅರ್ಥಗಳು

ಚಲನಚಿತ್ರವೆಂದರೆ ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳ ಸಾಲು. ಒಂದು ಸೆಕೆಂಡಿನಲ್ಲಿ ಎಷ್ಟು ಬೇರೆ ಬೇರೆ ಚಿತ್ರಗಳಿವೆ ಎಂಬುದೇ ‘ಫ್ರೇಮ್ ರೇಟ್’. ಇದು ಚಿತ್ರೀಕರಣದ ಸಮಯದಲ್ಲೇ ತೀರ್ಮಾನವಾಗಿರುತ್ತದೆ.

ಟಿ.ವಿ. ಪರದೆ ಸೆಕೆಂಡಿಗೆ ಎಷ್ಟು ಬಾರಿ ತನ್ನ ಮೇಲಿನ ಚಿತ್ರವನ್ನು ಹೊಸದಾಗಿ ಬರೆಯುತ್ತದೆ ಎಂಬುದು ‘ರಿಫ್ರೆಶ್ ರೇಟ್’. ಇದನ್ನು ಹರ್ಟ್ಜ್‌ಗಳಲ್ಲಿ ಹೇಳಲಾಗುತ್ತದೆ. 60 ಹರ್ಟ್ಜ್ ಪರದೆ ಸೆಕೆಂಡಿಗೆ 60 ಬಾರಿ, 120 ಹರ್ಟ್ಜ್ ಪರದೆ 120 ಬಾರಿ ಚಿತ್ರವನ್ನು ಬರೆಯುತ್ತದೆ.

ಸಿನಿಮಾದಲ್ಲಿ ಸೆಕೆಂಡಿಗೆ ಇರುವುದು ಕೇವಲ 24 ಚಿತ್ರಗಳು. ಪರದೆ 120 ಬಾರಿ ಬರೆದರೂ ಅದಕ್ಕೆ ದೊರೆಯುವುದು ಅದೇ 24. ಹೀಗಾಗಿ ಪ್ರತಿಯೊಂದು ಚಿತ್ರವನ್ನೂ 5 ಬಾರಿ ಬರೆದು ಸುಮ್ಮನಾಗುತ್ತದೆ. ಒಂದೇ ಫೋಟೊವನ್ನು 5 ಬಾರಿ ತೋರಿಸಿದರೆ ಅದರಲ್ಲಿ ಹೊಸ ವಿವರವೇನೂ ಹುಟ್ಟುವುದಿಲ್ಲ.

24 ಮತ್ತು 50 ಬಂದದ್ದು ಎಲ್ಲಿಂದ?

ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದುದರಿಂದ ವೇಗಕ್ಕೆ ಒಂದು ಕಟ್ಟುಪಾಡು ಇರಲಿಲ್ಲ. 1920ರ ದಶಕದ ಕೊನೆಯಲ್ಲಿ ಚಿತ್ರಗಳಿಗೆ ಮಾತು ಬಂತು. ಧ್ವನಿ ಏರುಪೇರಾಗದಿರಲು ವೇಗ ಸ್ಥಿರವಾಗಿರಬೇಕು. ವೇಗ ಹೆಚ್ಚಿದಷ್ಟೂ ಫಿಲ್ಮ್ ಸುರುಳಿಯ ಖರ್ಚು ಹೆಚ್ಚು. ಈ ಎರಡರ ನಡುವಿನ ರಾಜಿಯಾಗಿ ಸೆಕೆಂಡಿಗೆ 24 ಚಿತ್ರಗಳ ಲೆಕ್ಕ ನೆಲೆಗೊಂಡಿತು. ಈ ವೇಗದಲ್ಲಿ 35 ಮಿ.ಮೀ. ಫಿಲ್ಮ್ ನಿಮಿಷಕ್ಕೆ 90 ಅಡಿಯಂತೆ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ ಸುರುಳಿ ಬೇಕು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಅಂದಿನಿಂದ ಇಂದಿನವರೆಗೆ ಕ್ಯಾಮೆರಾ ಬದಲಾಗಿದೆ, ಫಿಲ್ಮ್ ಹೋಗಿ ಡಿಜಿಟಲ್ ಬಂದಿದೆ. 24ರ ಲೆಕ್ಕ ಮಾತ್ರ ಬದಲಾಗಿಲ್ಲ. ಸಿನಿಮಾ ಎಂದರೆ ಹೀಗೆಯೇ ಇರಬೇಕೆಂದು ನಾಲ್ಕಾರು ತಲೆಮಾರುಗಳ ಕಣ್ಣು ರೂಢಿಯಾಗಿಬಿಟ್ಟಿದೆ.

ಕಿರುತೆರೆಯ ಲೆಕ್ಕ ಬಂದದ್ದು ವಿದ್ಯುತ್ ಕಂಬದಿಂದ. ಭಾರತದಲ್ಲಿ ವಿದ್ಯುತ್ ಸರಬರಾಜು 50 ಹರ್ಟ್ಜ್‌ನಲ್ಲಿ ನಡೆಯುತ್ತದೆ. ವಿದ್ಯುತ್ತಿನ ಮಿಡಿತ ಮತ್ತು ಚಿತ್ರದ ಮಿಡಿತ ಬೇರೆಬೇರೆಯಾದರೆ ಹಳೆಯ ಟಿ.ವಿ.ಗಳ ಪರದೆಯ ಮೇಲೆ ಪಟ್ಟಿಗಳು ತೇಲುತ್ತಿದ್ದವು. ಆದ್ದರಿಂದ ವಿದ್ಯುತ್ತಿಗೆ ಹೊಂದುವಂತೆ ಸೆಕೆಂಡಿಗೆ 25 ಪೂರ್ಣಚಿತ್ರಗಳನ್ನು 50 ಅರ್ಧಚಿತ್ರಗಳಾಗಿ ಒಡೆದು ಪ್ರಸಾರ ಮಾಡುವ ಪದ್ಧತಿ ಬಂತು. 1982ರಲ್ಲಿ ದೂರದರ್ಶನ ಬಣ್ಣ ಪಡೆದಾಗ ಒಪ್ಪಿಕೊಂಡ ‘ಪಾಲ್’ ವ್ಯವಸ್ಥೆಯೂ ಇದೇ ಲೆಕ್ಕದ್ದು. ಅಮೆರಿಕದಲ್ಲಿ ವಿದ್ಯುತ್ 60 ಹರ್ಟ್ಜ್ ಆದ್ದರಿಂದ ಅಲ್ಲಿನ ಟಿ.ವಿ. ಲೆಕ್ಕ 60 ಆಯಿತು.

24 ಚಿತ್ರಗಳ ಸಿನಿಮಾವನ್ನು 25ರ ವ್ಯವಸ್ಥೆಯಲ್ಲಿ ತೋರಿಸುವುದಕ್ಕೆ ಪ್ರಸಾರಕರು ಕಂಡುಕೊಂಡ ಉಪಾಯ ಸರಳವಾದದ್ದು. ಸಿನಿಮಾವನ್ನೇ ಶೇ 4ರಷ್ಟು ವೇಗವಾಗಿ ಓಡಿಸುವುದು. ಚಿತ್ರಮಂದಿರದಲ್ಲಿ 150 ನಿಮಿಷ ನಡೆದ ಚಿತ್ರ ಹೀಗೆ ಓಡಿಸಿದಾಗ 144 ನಿಮಿಷಕ್ಕೆ ಮುಗಿಯುತ್ತದೆ. ಸರಿಪಡಿಸದೆ ಬಿಟ್ಟರೆ ನಾಯಕನ ಧ್ವನಿ ಕೊಂಚ ಏರಿದಂತೆಯೂ ಕೇಳಿಸುತ್ತದೆ. ಬಹುತೇಕ ವೀಕ್ಷಕರಿಗೆ ಇದು ಗೊತ್ತಾಗುವುದೇ ಇಲ್ಲ.

ಮಸುಕಿಗೆ ಮೂರು ಮೂಲಗಳು

ವೇಗದ ದೃಶ್ಯ ಮಸುಕಾಗಿ ಕಾಣಲು ಮುಖ್ಯವಾಗಿ ಮೂರು ಕಾರಣಗಳಿವೆ. ಯಾವ ಕಾರಣಕ್ಕೆ ಯಾವ ಮದ್ದು ಎಂಬುದು ತಿಳಿಯದಿದ್ದರೆ ಖರ್ಚು ಮಾಡಿದ ಹಣ ವ್ಯರ್ಥ.

ಮೊದಲನೆಯದು ಕ್ಯಾಮೆರಾದ ಮಸುಕು. ಸಿನಿಮಾ ಕ್ಯಾಮೆರಾದ ಶಟರ್ ಸಾಮಾನ್ಯವಾಗಿ ಪ್ರತಿ ಚಿತ್ರಕ್ಕೂ ಸೆಕೆಂಡಿನ 48ರಲ್ಲಿ ಒಂದು ಭಾಗದಷ್ಟು ಕಾಲ ತೆರೆದಿರುತ್ತದೆ. ಅಷ್ಟರಲ್ಲಿ ವಸ್ತು ಎಷ್ಟು ದೂರ ಸರಿಯುತ್ತದೋ ಅಷ್ಟು ಉದ್ದದ ಮಸುಕು ಚಿತ್ರದಲ್ಲೇ ಅಚ್ಚಾಗುತ್ತದೆ. ಇದು ದೋಷವಲ್ಲ, ಛಾಯಾಗ್ರಾಹಕರು ಬೇಕೆಂದೇ ಉಳಿಸಿಕೊಳ್ಳುವ ಗುಣ. ಈ ಮಸುಕು ಇಲ್ಲದಿದ್ದರೆ 24 ಚಿತ್ರಗಳ ಓಟ ಕಣ್ಣಿಗೆ ಕುಕ್ಕುವಂತೆ ತುಂಡುತುಂಡಾಗಿ ಕಾಣುತ್ತದೆ.

ಎರಡನೆಯದು ಪರದೆಯ ನಿಧಾನ. ಎಲ್‌ಸಿಡಿ ಪರದೆಯ ಚುಕ್ಕಿಗಳು ಒಂದು ಬಣ್ಣದಿಂದ ಇನ್ನೊಂದಕ್ಕೆ ಬದಲಾಗಲು ಕೆಲವು ಮಿಲಿಸೆಕೆಂಡುಗಳನ್ನು ತೆಗೆದುಕೊಳ್ಳುತ್ತವೆ. ಕತ್ತಲೆಯ ದೃಶ್ಯಗಳಲ್ಲಿ ಕೆಲವು ಪರದೆಗಳು ಇನ್ನೂ ನಿಧಾನ. ಹೀಗಾಗಿ ಓಡುವ ವಸ್ತುವಿನ ಹಿಂದೆ ಕಪ್ಪು ಬಾಲದಂಥ ನೆರಳು ಕಾಣಬಹುದು. ಒಎಲ್‌ಇಡಿ ಪರದೆಗಳಲ್ಲಿ ಈ ಬದಲಾವಣೆ ಒಂದು ಮಿಲಿಸೆಕೆಂಡಿಗಿಂತಲೂ ಬೇಗ ಮುಗಿಯುತ್ತದೆ. ಇದು ಪರದೆಯ ಗುಣಮಟ್ಟಕ್ಕೆ ಸೇರಿದ ವಿಷಯ. ಪೆಟ್ಟಿಗೆಯ ಮೇಲಿನ ಹರ್ಟ್ಜ್ ಸಂಖ್ಯೆ ಇದನ್ನು ಹೇಳುವುದಿಲ್ಲ.

ಮೂರನೆಯದು ಕಣ್ಣಿನ ಮಸುಕು. ಹೆಚ್ಚಿನವರಿಗೆ ತಿಳಿಯದಿರುವುದು ಇದೇ. ಓಡುವ ವಸ್ತುವನ್ನು ಕಣ್ಣು ತಾನಾಗಿ ಹಿಂಬಾಲಿಸುತ್ತದೆ. ಪರದೆಯ ಮೇಲಿನ ಚಿತ್ರ ಮಾತ್ರ ಮುಂದಿನ ಚಿತ್ರ ಬರುವವರೆಗೆ ನಿಂತಲ್ಲೇ ನಿಂತಿರುತ್ತದೆ. ಕಣ್ಣು ಸರಿಯುತ್ತಿದೆ, ಚಿತ್ರ ನಿಂತಿದೆ. ಪರಿಣಾಮವಾಗಿ ಅಕ್ಷಿಪಟಲದ ಮೇಲೆ ಚಿತ್ರ ಸವರಿದಂತಾಗುತ್ತದೆ. ಒಂದು ಚಿತ್ರ ಪರದೆಯ ಮೇಲೆ ಎಷ್ಟು ಹೆಚ್ಚು ಹೊತ್ತು ನಿಲ್ಲುತ್ತದೋ ಈ ಮಸುಕು ಅಷ್ಟು ಅಗಲವಾಗುತ್ತದೆ.

ಹೋರಿಯ ಓಟದಲ್ಲಿ ಲೆಕ್ಕ

ಇದನ್ನು ಅಂಕಿಗಳಲ್ಲಿ ನೋಡಬಹುದು. 55 ಇಂಚಿನ ಟಿ.ವಿ. ಪರದೆಯ ಅಗಲ ಸುಮಾರು 122 ಸೆಂ.ಮೀ. ಒಂದು ಹೋರಿ ಪರದೆಯ ಎಡ ತುದಿಯಿಂದ ಬಲ ತುದಿಗೆ 2 ಸೆಕೆಂಡಿನಲ್ಲಿ ಓಡಿತೆಂದು ಭಾವಿಸೋಣ. ಆಗ ಅದರ ವೇಗ ಪರದೆಯ ಮೇಲೆ ಸೆಕೆಂಡಿಗೆ 61 ಸೆಂ.ಮೀ.

* ಸೆಕೆಂಡಿಗೆ 24 ಚಿತ್ರಗಳಿದ್ದರೆ ಹೋರಿ ಪ್ರತಿ ಚಿತ್ರಕ್ಕೂ ಸುಮಾರು 2.5 ಸೆಂ.ಮೀ. ಜಿಗಿಯುತ್ತದೆ.
* 50 ಚಿತ್ರಗಳಿದ್ದರೆ ಸುಮಾರು 1.2 ಸೆಂ.ಮೀ.
* 60 ಚಿತ್ರಗಳಿದ್ದರೆ ಸುಮಾರು 1 ಸೆಂ.ಮೀ.
* 120 ಚಿತ್ರಗಳಿದ್ದರೆ ಅರ್ಧ ಸೆಂ.ಮೀ.

ಕಣ್ಣಿನ ಮಸುಕಿನ ಅಗಲವೂ ಹೆಚ್ಚೂಕಡಿಮೆ ಇಷ್ಟೇ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಸಂಖ್ಯೆಗಳು ಚಿತ್ರಗಳ ಸಂಖ್ಯೆಯೇ ಹೊರತು ಪರದೆಯ ಹರ್ಟ್ಜ್ ಅಲ್ಲ. 24 ಚಿತ್ರಗಳ ಸಿನಿಮಾವನ್ನು 120 ಹರ್ಟ್ಜ್ ಪರದೆಯಲ್ಲಿ ಹಾಕಿದರೂ ಒಂದೊಂದು ಚಿತ್ರ ಪರದೆಯ ಮೇಲೆ ಸುಮಾರು 42 ಮಿಲಿಸೆಕೆಂಡು ನಿಂತೇ ಇರುತ್ತದೆ. ಹೋರಿಯ ಜಿಗಿತ 2.5 ಸೆಂ.ಮೀ.ನಷ್ಟೇ ಉಳಿಯುತ್ತದೆ. ಇದರ ಜೊತೆಗೆ ಕ್ಯಾಮೆರಾದಲ್ಲೇ ಅಚ್ಚಾದ ಸುಮಾರು 1.3 ಸೆಂ.ಮೀ. ಮಸುಕು ಬೇರೆ.

ಅದೇ ಹೋರಿಯ ಓಟವನ್ನು ಯಾರಾದರೂ ಮೊಬೈಲ್‌ನಲ್ಲಿ ಸೆಕೆಂಡಿಗೆ 60 ಚಿತ್ರಗಳಂತೆ ಸೆರೆಹಿಡಿದು ಟಿ.ವಿ.ಯಲ್ಲಿ ಹಾಕಿದರೆ, ಸಾಮಾನ್ಯ 60 ಹರ್ಟ್ಜ್ ಟಿ.ವಿ.ಯಲ್ಲೂ ಅದು ದೊಡ್ಡ ಬಜೆಟ್ಟಿನ ಸಿನಿಮಾ ದೃಶ್ಯಕ್ಕಿಂತ ಸ್ಪಷ್ಟವಾಗಿ, ನುಣುಪಾಗಿ ಕಾಣುತ್ತದೆ. ಅಂಗಡಿಗಳಲ್ಲಿ ಟಿ.ವಿ.ಗಳು ಆಕರ್ಷಕವಾಗಿ ಕಾಣುವುದಕ್ಕೂ ಇದೇ ಕಾರಣ. ಅಲ್ಲಿ ಹಾಕುವ ಪ್ರದರ್ಶನ ವಿಡಿಯೊಗಳಲ್ಲಿ ಸಾಮಾನ್ಯವಾಗಿ ಚಿತ್ರಗಳ ಸಂಖ್ಯೆ ಹೆಚ್ಚಿರುತ್ತದೆ, ಕ್ಯಾಮೆರಾ ನಿಧಾನವಾಗಿ ಚಲಿಸುತ್ತದೆ. ಸಿನಿಮಾದ ಪರೀಕ್ಷೆ ಅಲ್ಲಿ ನಡೆಯುವುದೇ ಇಲ್ಲ.

24ರ ಈ ಮಿತಿ ಸಿನಿಮಾದವರಿಗೆ ತಿಳಿಯದ್ದೇನಲ್ಲ. ಕ್ಯಾಮೆರಾವನ್ನು ಅಡ್ಡಲಾಗಿ ತಿರುಗಿಸುವಾಗ ಒಂದು ವಸ್ತು ಪರದೆಯ ಈ ತುದಿಯಿಂದ ಆ ತುದಿಗೆ ಹೋಗಲು ಸುಮಾರು 7 ಸೆಕೆಂಡಾದರೂ ಹಿಡಿಯಬೇಕೆಂಬುದು ಛಾಯಾಗ್ರಾಹಕರ ಹಳೆಯ ಲೆಕ್ಕಾಚಾರ. ಅದಕ್ಕಿಂತ ವೇಗವಾದರೆ ದೃಶ್ಯ ಕುಲುಕಿದಂತೆ ಕಾಣುತ್ತದೆ. 2022ರಲ್ಲಿ ತೆರೆಕಂಡ ‘ಕಾಂತಾರ’ದ ಕಂಬಳದಂಥ ಓಟದ ದೃಶ್ಯಗಳನ್ನು ಮನೆಯಲ್ಲಿ ನೋಡುವಾಗ ಪರದೆಯ ಗುಣದೋಷಗಳು ಎದ್ದು ಕಾಣುವುದು ಈ ಕಾರಣಕ್ಕೆ.

ಡಬ್ಬಿ ಟಿ.ವಿ.ಯಲ್ಲಿ ಮಸುಕು ಇರಲಿಲ್ಲವೇಕೆ?

ಹಿಂದಿನ ದಪ್ಪನೆಯ ಡಬ್ಬಿ ಟಿ.ವಿ.ಯಲ್ಲಿ ಕ್ರಿಕೆಟ್ ಚೆಂಡು ಇಷ್ಟು ಮಸುಕಾಗುತ್ತಿರಲಿಲ್ಲ ಎಂದು ಹಿರಿಯರು ಹೇಳುವುದುಂಟು. ಆ ಮಾತಿನಲ್ಲಿ ಹುರುಳಿದೆ. ಆ ಟಿ.ವಿ.ಗಳಲ್ಲಿ ಪರದೆಯ ಪ್ರತಿ ಚುಕ್ಕಿಯೂ ಕ್ಷಣಮಾತ್ರ ಹೊಳೆದು ಆರಿಬಿಡುತ್ತಿತ್ತು. ಚಿತ್ರ ನಿಂತಿರುತ್ತಿದ್ದ ಅವಧಿಯೇ ಅತ್ಯಲ್ಪವಾದ್ದರಿಂದ ಕಣ್ಣಿನ ಮಸುಕಿಗೆ ಅವಕಾಶವಿರಲಿಲ್ಲ. ಬದಲಿಗೆ 50 ಹರ್ಟ್ಜ್‌ನ ಮಿನುಗು ಕಣ್ಣಿಗೆ ಆಯಾಸ ತರುತ್ತಿತ್ತು. ಈ ಮಿನುಗನ್ನು ನಿವಾರಿಸಲೆಂದೇ ದುಬಾರಿ ಡಬ್ಬಿ ಟಿ.ವಿ.ಗಳಲ್ಲಿ 100 ಹರ್ಟ್ಜ್ ತಂತ್ರ ಬಂದಿತ್ತು.

ಆ ಬಳಿಕ ಬಂದ ಪ್ಲಾಸ್ಮಾ ಟಿ.ವಿ.ಗಳ ಮೇಲೆ 600 ಹರ್ಟ್ಜ್ ಎಂದು ಬರೆದಿರುತ್ತಿತ್ತು. ಅದು ಸೆಕೆಂಡಿಗೆ 600 ಚಿತ್ರಗಳೆಂಬ ಅರ್ಥವಲ್ಲ. ಒಂದೊಂದು ಚಿತ್ರವನ್ನು 10 ಉಪಮಿಡಿತಗಳಾಗಿ ಒಡೆದು, ಅದನ್ನು 60ರಿಂದ ಗುಣಿಸಿದ ಲೆಕ್ಕ. 2014ರ ವೇಳೆಗೆ ಪ್ರಮುಖ ಕಂಪನಿಗಳು ಪ್ಲಾಸ್ಮಾ ತಯಾರಿಕೆಯಿಂದ ಹಿಂದೆ ಸರಿದವು. ದೊಡ್ಡ ಸಂಖ್ಯೆ ಬರೆಯುವ ಪರಿಪಾಠ ಮಾತ್ರ ಉಳಿಯಿತು.

ಹಾಗಾದರೆ 120 ಹರ್ಟ್ಜ್‌ನಿಂದ ಸಿಗುವುದೇನು?

ಉತ್ತರ: ಸಮನಾದ ತಾಳ. ಇದನ್ನು ಅರಿಯಲು ಒಂದು ಸಣ್ಣ ಭಾಗಾಕಾರ ಸಾಕು.

60ನ್ನು 24ರಿಂದ ಭಾಗಿಸಿದರೆ ಎರಡೂವರೆ ಬರುತ್ತದೆ. ಪರದೆ ಅರ್ಧ ಬಾರಿ ಬರೆಯಲಾರದು. ಆದ್ದರಿಂದ 60 ಹರ್ಟ್ಜ್ ಟಿ.ವಿ. ಒಂದು ಚಿತ್ರವನ್ನು 3 ಬಾರಿ, ಮುಂದಿನದನ್ನು 2 ಬಾರಿ, ಮತ್ತೆ 3 ಬಾರಿ, 2 ಬಾರಿ ಹೀಗೆ ತೋರಿಸುತ್ತದೆ. ಒಂದು ಚಿತ್ರ 50 ಮಿಲಿಸೆಕೆಂಡು ನಿಂತರೆ ಮುಂದಿನದು 33 ಮಿಲಿಸೆಕೆಂಡಿಗೇ ಹೊರಟುಹೋಗುತ್ತದೆ. ಡೊಳ್ಳಿನ ಪೆಟ್ಟು ಒಂದು ಉದ್ದ, ಒಂದು ಗಿಡ್ಡ ಬಿದ್ದರೆ ಕುಣಿಯುವವರ ಹೆಜ್ಜೆ ತಪ್ಪುವಂತೆ, ಇಲ್ಲಿ ಚಲನೆಯ ಹೆಜ್ಜೆ ತಪ್ಪುತ್ತದೆ. ಕ್ಯಾಮೆರಾ ನಿಧಾನವಾಗಿ ತಿರುಗುವಾಗ ಕಟ್ಟಡಗಳು, ಮರಗಳು ಕುಲುಕಿ ಕುಲುಕಿ ಸರಿಯುತ್ತವೆ. ತಂತ್ರಜ್ಞರು ಇದನ್ನು ‘ಜಡರ್’ ಎನ್ನುತ್ತಾರೆ. ಸಾಮಾನ್ಯ ವೀಕ್ಷಕ ಇದನ್ನೂ ಮಸುಕೆಂದೇ ಭಾವಿಸುತ್ತಾನೆ.

120ನ್ನು 24ರಿಂದ ಭಾಗಿಸಿದರೆ ಶೇಷವಿಲ್ಲದೆ 5. ಪ್ರತಿಯೊಂದು ಚಿತ್ರವೂ ಸಮನಾಗಿ 5 ಬಾರಿ ಬರುತ್ತದೆ. ಕುಲುಕಾಟ ಮಾಯವಾಗುತ್ತದೆ, ಮಸುಕು ಇದ್ದಷ್ಟೇ ಇರುತ್ತದೆ. ಸಿನಿಮಾ ಪ್ರೇಮಿಗೆ 120 ಹರ್ಟ್ಜ್ ಕೊಡುವ ಪ್ರಾಮಾಣಿಕ ಲಾಭ ಇದು.

ಆದರೆ ಈ ಲಾಭ 120 ಹರ್ಟ್ಜ್‌ನ ಸ್ವತ್ತೇನಲ್ಲ. ಕೆಲವು 60 ಹರ್ಟ್ಜ್ ಟಿ.ವಿ.ಗಳು 24 ಚಿತ್ರಗಳ ಸಂಕೇತ ಬಂದಾಗ ತಮ್ಮ ವೇಗವನ್ನು 48 ಹರ್ಟ್ಜ್‌ಗೆ ಇಳಿಸಿಕೊಂಡು ಒಂದೊಂದು ಚಿತ್ರವನ್ನೂ ಸಮನಾಗಿ 2 ಬಾರಿ ತೋರಿಸಬಲ್ಲವು. ಕೇಬಲ್ ಅಥವಾ ಡಿಟಿಎಚ್ ಪೆಟ್ಟಿಗೆಯ ಮೂಲಕ ಬರುವ ಚಾನೆಲ್‌ಗಳ ಸಂಕೇತ 50ರ ಲೆಕ್ಕದ್ದು. ಅದು ಬಂದಾಗ ಟಿ.ವಿ. 50 ಹರ್ಟ್ಜ್‌ಗೆ ಹೊಂದಿಕೊಳ್ಳುವುದರಿಂದ, ಚಾನೆಲ್‌ನಲ್ಲಿ ಬರುವ ಸಿನಿಮಾಕ್ಕೆ 3:2ರ ಈ ತೊಂದರೆ ಇಲ್ಲ. ತೊಂದರೆ ಎದುರಾಗುವುದು ಹೆಚ್ಚಾಗಿ ಒಟಿಟಿಯಲ್ಲಿ ಸಿನಿಮಾ ನೋಡುವಾಗ.

ಟಿ.ವಿ.ಗೆ ಸಿಕ್ಕಿಸುವ ಸ್ಟಿಕ್ ಅಥವಾ ಪೆಟ್ಟಿಗೆ ಸದಾ 60 ಹರ್ಟ್ಜ್ ಸಂಕೇತವನ್ನೇ ಕಳುಹಿಸುವಂತೆ ಹೊಂದಿಸಲ್ಪಟ್ಟಿದ್ದರೆ, 24 ಚಿತ್ರಗಳ ಸಿನಿಮಾ ಅಲ್ಲಿಯೇ 3:2 ಆಗಿ ಹೊರಬರುತ್ತದೆ. 25 ಚಿತ್ರಗಳ ಹಳೆಯ ಕನ್ನಡ ಸಿನಿಮಾ ಪ್ರತಿಗಳ ಗತಿ ಇನ್ನೂ ಕಷ್ಟ. 5 ಚಿತ್ರಗಳನ್ನು 12 ಮಿಡಿತಗಳಲ್ಲಿ ಹಂಚಬೇಕಾಗುವುದರಿಂದ ತಾಳ ಮತ್ತಷ್ಟು ತಪ್ಪುತ್ತದೆ.

ಸಿನಿಮಾ ಧಾರಾವಾಹಿಯಾಗುವ ಬಗೆ

ಮಸುಕನ್ನು ನಿಜವಾಗಿಯೂ ಕಡಿಮೆ ಮಾಡುವ ಎರಡು ತಂತ್ರಗಳು ಇಂದಿನ ಟಿ.ವಿ.ಗಳಲ್ಲಿವೆ. ಎರಡಕ್ಕೂ ಬೆಲೆ ತೆರಬೇಕು.

ಮೊದಲನೆಯದು ಇಲ್ಲದ ಚಿತ್ರಗಳನ್ನು ಸೃಷ್ಟಿಸುವುದು. ಟಿ.ವಿ.ಯೊಳಗಿನ ಚಿಪ್ ಎರಡು ಚಿತ್ರಗಳನ್ನು ಹೋಲಿಸಿ, ಯಾವ ವಸ್ತು ಎಲ್ಲಿಂದ ಎಲ್ಲಿಗೆ ಸರಿದಿದೆ ಎಂದು ಊಹಿಸಿ, ನಡುವೆ ಹೊಸ ಚಿತ್ರಗಳನ್ನು ತುಂಬುತ್ತದೆ. ಮಾರುಕಟ್ಟೆಯಲ್ಲಿ ಇದಕ್ಕೆ ‘ಎಂಇಎಂಸಿ’ ಎಂಬ ಹೆಸರಿದೆ. ಟ್ರೂಮೋಷನ್, ಮೋಷನ್‌ಫ್ಲೋ, ಪಿಕ್ಚರ್ ಕ್ಲಾರಿಟಿ ಮುಂತಾಗಿ ಕಂಪನಿಗೊಂದು ಹೆಸರೂ ಇದೆ. 120 ಹರ್ಟ್ಜ್ ಪರದೆಯಲ್ಲಿ ಚಿಪ್ 24 ಚಿತ್ರಗಳಿಂದ 120 ಚಿತ್ರಗಳನ್ನು ಕಟ್ಟಿದರೆ, ಐದರಲ್ಲಿ ನಾಲ್ಕು ಚಿತ್ರಗಳು ಕ್ಯಾಮೆರಾ ಕಾಣದೇ ಇದ್ದವು ಎಂದಾಯಿತು.

ಪರಿಣಾಮವಾಗಿ ಚಲನೆ ನುಣುಪಾಗುತ್ತದೆ. ಜೊತೆಗೇ ಸಿನಿಮಾದ ಸೊಗಡು ಮರೆಯಾಗುತ್ತದೆ. ವಿಡಿಯೊ ಕ್ಯಾಮೆರಾಗಳಲ್ಲಿ ಸೆಕೆಂಡಿಗೆ 50 ಅರ್ಧಚಿತ್ರಗಳಂತೆ ಚಿತ್ರೀಕರಿಸಿದ ಧಾರಾವಾಹಿ, ಸುದ್ದಿ, ಕ್ರಿಕೆಟ್‌ಗಳನ್ನು ನುಣುಪಾದ ಚಲನೆಯಲ್ಲೇ ನೋಡಿ ನಮ್ಮ ಕಣ್ಣಿಗೆ ರೂಢಿಯಾಗಿದೆ. ಹೀಗಾಗಿ ನುಣುಪಾದ ಸಿನಿಮಾ ನೋಡಿದೊಡನೆ ಕೋಟಿಗಟ್ಟಲೆ ಖರ್ಚಿನ ಸೆಟ್ ನಾಟಕದ ರಂಗಸಜ್ಜಿಕೆಯಂತೆ ಕಾಣುತ್ತದೆ. ಚಿಪ್‌ನ ಊಹೆ ತಪ್ಪಿದಾಗ ಓಡುವವನ ಕಾಲಿನ ಸುತ್ತ ನೀರಿನ ಅಲೆಯಂಥ ಪ್ರಭೆ, ಸೈಕಲ್ ಚಕ್ರದ ಕಡ್ಡಿಗಳು ಮುರಿದಂತೆ ಕಾಣುವುದು, ಅಡಿಬರಹಗಳು ನಡುಗುವುದು ಮುಂತಾದ ದೋಷಗಳೂ ತಲೆದೋರುತ್ತವೆ.

ಇದರ ವಿರುದ್ಧ ಹಾಲಿವುಡ್‌ನಲ್ಲೇ ಕೂಗೆದ್ದಿತ್ತು. ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟಫರ್ ಮೆಕ್ವಾರಿ 2018ರ ಡಿಸೆಂಬರ್‌ನಲ್ಲಿ ವಿಡಿಯೊ ಸಂದೇಶ ಬಿಡುಗಡೆ ಮಾಡಿ, ಮನೆಯ ಟಿ.ವಿ.ಯಲ್ಲಿ ಈ ಸೌಲಭ್ಯವನ್ನು ಬಂದ್ ಮಾಡಿ ಸಿನಿಮಾ ನೋಡುವಂತೆ ಮನವಿ ಮಾಡಿದ್ದರು. 2019ರ ಆಗಸ್ಟ್‌ನಲ್ಲಿ ಟಿ.ವಿ. ಕಂಪನಿಗಳು ಮತ್ತು ಚಿತ್ರೋದ್ಯಮದವರನ್ನು ಒಳಗೊಂಡ ಯುಎಚ್‌ಡಿ ಅಲಯನ್ಸ್ ‘ಫಿಲ್ಮ್‌ಮೇಕರ್ ಮೋಡ್’ ಪ್ರಕಟಿಸಿತು. ಆ ಒಂದು ಆಯ್ಕೆಯಿಂದ ನುಣುಪುಗೊಳಿಸುವ ತಂತ್ರಗಳು ತಾವಾಗಿ ನಿಲ್ಲುತ್ತವೆ.

ಚಿತ್ರೀಕರಣದಲ್ಲೇ ಚಿತ್ರಗಳ ಸಂಖ್ಯೆ ಹೆಚ್ಚಿಸುವ ಪ್ರಯೋಗಗಳೂ ನಡೆದಿವೆ. 2012ರ ‘ದಿ ಹಾಬಿಟ್’ ಸೆಕೆಂಡಿಗೆ 48 ಚಿತ್ರಗಳಲ್ಲಿ, ಆಂಗ್ ಲೀ ನಿರ್ದೇಶನದ 2019ರ ‘ಜೆಮಿನಿ ಮ್ಯಾನ್’ 120 ಚಿತ್ರಗಳಲ್ಲಿ ತಯಾರಾದವು. 2022ರ ‘ಅವತಾರ್’ ಎರಡನೇ ಭಾಗದಲ್ಲಿ ಕೆಲವು ದೃಶ್ಯಗಳಿಗಷ್ಟೇ 48ನ್ನು ಬಳಸಲಾಯಿತು. ಆದರೂ ಚಿತ್ರರಂಗ 24ನ್ನು ಕೈಬಿಟ್ಟಿಲ್ಲ.

ಎರಡನೆಯ ತಂತ್ರ ಚಿತ್ರಗಳ ನಡುವೆ ಕತ್ತಲೆ ತುಂಬುವುದು. ಡಬ್ಬಿ ಟಿ.ವಿ.ಯಂತೆ ಚಿತ್ರವನ್ನು ಕ್ಷಣಕಾಲ ತೋರಿಸಿ ಆರಿಸುವುದರಿಂದ ಕಣ್ಣಿನ ಮಸುಕು ತಗ್ಗುತ್ತದೆ. ಆದರೆ ಪರದೆಯ ಬೆಳಕು ಗಣನೀಯವಾಗಿ ಕುಸಿಯುತ್ತದೆ, ಮಿನುಗು ಕೆಲವರಿಗೆ ತಲೆನೋವು ತರುತ್ತದೆ. ಸಿನಿಮಾದಲ್ಲಿ ಒಂದೇ ಚಿತ್ರ ಹಲವು ಬಾರಿ ಹೊಳೆಯುವುದರಿಂದ ಓಡುವ ವಸ್ತುವಿನ ಅಂಚು ಎರಡೆರಡಾಗಿ ಕಾಣುವುದೂ ಉಂಟು. ಇದು ಕ್ರೀಡೆಗೆ ಹೆಚ್ಚು ಹೊಂದುವ ತಂತ್ರ.

ಒಎಲ್‌ಇಡಿ ಕೊಂಡವರು ತಿಳಿಯಬೇಕಾದ ಇನ್ನೊಂದು ವಿಚಾರವಿದೆ. ನಿಧಾನಗತಿಯ ಎಲ್‌ಸಿಡಿ ಪರದೆ ಒಂದು ಚಿತ್ರವನ್ನು ಇನ್ನೊಂದರಲ್ಲಿ ಕೊಂಚ ಬೆರೆಸಿ 24ರ ಜಿಗಿತವನ್ನು ಮರೆಮಾಚುತ್ತದೆ. ಒಎಲ್‌ಇಡಿ ತಟ್ಟನೆ ಬದಲಾಗುವುದರಿಂದ ಆ ಜಿಗಿತ ಹೆಚ್ಚು ಎದ್ದು ಕಾಣುತ್ತದೆ. ದುಬಾರಿ ಟಿ.ವಿ. ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ.

ಪೆಟ್ಟಿಗೆಯ ಮೇಲಿನ ಸಂಖ್ಯೆ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬಂತೆ, ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಗಳೆಲ್ಲ ಪರದೆಯ ಹರ್ಟ್ಜ್ ಅಲ್ಲ. ‘ಮೋಷನ್ ರೇಟ್’, ‘ಮೋಷನ್‌ಫ್ಲೋ ಎಕ್ಸ್‌ಆರ್’ ಮುಂತಾದ ಹೆಸರುಗಳ ಮುಂದಿನ ಅಂಕಿಗಳು ಪರದೆಯ ವೇಗದ ಜೊತೆಗೆ ಚಿಪ್‌ನ ಕೆಲಸ, ಹಿಂಬೆಳಕಿನ ಮಿಡಿತಗಳನ್ನೂ ಸೇರಿಸಿ ಕಟ್ಟಿದ ಲೆಕ್ಕ. 240 ಎಂದಿದ್ದರೂ ಪರದೆ 120 ಇರಬಹುದು. 120 ಎಂದಿದ್ದರೂ 60 ಇರಬಹುದು.

ಕಡಿಮೆ ಬೆಲೆಯ ಕೆಲವು ಟಿ.ವಿ.ಗಳು 4ಕೆಯಲ್ಲಿ 60 ಹರ್ಟ್ಜ್ ಮಾತ್ರ ನೀಡಿ, ಪರದೆಯ ಸಾಲುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿದಾಗ 120 ಹರ್ಟ್ಜ್ ತಲುಪುತ್ತವೆ. ಅದು ವಿಡಿಯೊ ಗೇಮ್ ಆಡುವವರಿಗಾಗಿ ಇರುವ ಸೌಲಭ್ಯ. ಸಿನಿಮಾ ನೋಡುವವರಿಗೆ ಊಟಕ್ಕಿಲ್ಲದ ಉಪ್ಪಿನಕಾಯಿ. ಕೊಳ್ಳುವಾಗ ‘ನೇಟಿವ್ ರಿಫ್ರೆಶ್ ರೇಟ್’ ಅಥವಾ ‘ಪ್ಯಾನೆಲ್ ರಿಫ್ರೆಶ್ ರೇಟ್’ ಎಷ್ಟೆಂದು ಕಂಪನಿಯ ತಾಂತ್ರಿಕ ವಿವರಪಟ್ಟಿಯಲ್ಲಿ ನೋಡುವುದು ಉತ್ತಮ. ಎಚ್‌ಡಿಎಂಐ 2.1 ಕೂಡ 4ಕೆ 120 ಗೇಮ್‌ಗಳಿಗೆ ಬೇಕಾದದ್ದು. 24 ಚಿತ್ರಗಳ ಸಿನಿಮಾಕ್ಕೆ ಹಳೆಯ ಎಚ್‌ಡಿಎಂಐ ಸಾಕಾಗುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಹೊಸ ಟಿ.ವಿ.ಗೆ ಹಣ ಹಾಕುವ ಮುನ್ನ ಇರುವ ಟಿ.ವಿ.ಯಲ್ಲೇ ಈ ಕೆಳಗಿನ ಕ್ರಮಗಳನ್ನು ಅನುಸರಿಸಿ ನೋಡಬಹುದು.

* ಮಸುಕಾಗಿ ಕಂಡ ದೃಶ್ಯವನ್ನು ಅಲ್ಲಿಯೇ ನಿಲ್ಲಿಸಿ ನೋಡಿ. ನಿಂತ ಚಿತ್ರವೂ ಮಸುಕಾಗಿದ್ದರೆ ಅದು ಕ್ಯಾಮೆರಾದ ಮಸುಕು, ಯಾವ ಟಿ.ವಿ.ಯೂ ಅದನ್ನು ಅಳಿಸಲಾರದು. ನಿಂತ ಚಿತ್ರ ಸ್ಪಷ್ಟವಾಗಿದ್ದರೆ ಪರದೆ ಅಥವಾ ಕಣ್ಣಿನ ಮಸುಕು.
* ನಿಂತ ಚಿತ್ರದಲ್ಲಿ ಚೌಕಚೌಕವಾದ ಕಲೆಗಳು ಕಂಡರೆ ಅಂತರಜಾಲದ ವೇಗ ಸಾಲದೆಂದು ಅರ್ಥ. ಇದಕ್ಕೂ ಹರ್ಟ್ಜ್‌ಗೂ ಸಂಬಂಧವಿಲ್ಲ.
* ಸಿನಿಮಾದ ಕೊನೆಯಲ್ಲಿ ಮೇಲೇರುವ ಹೆಸರುಗಳ ಪಟ್ಟಿಯನ್ನು ಗಮನಿಸಿ. ಅಕ್ಷರಗಳು ತಡೆತಡೆದು ಏರುತ್ತಿದ್ದರೆ 3:2ರ ಕುಲುಕಾಟವಿರಬಹುದು.
* ಸ್ಟಿಕ್ ಅಥವಾ ಪೆಟ್ಟಿಗೆ ಬಳಸುವವರು ಅದರ ಡಿಸ್‌ಪ್ಲೇ ಆಯ್ಕೆಗಳಲ್ಲಿ ‘ಮ್ಯಾಚ್ ಫ್ರೇಮ್ ರೇಟ್’ ಎಂಬರ್ಥದ ಸೌಲಭ್ಯವಿದ್ದರೆ ಚಾಲೂ ಮಾಡಬೇಕು. ಆಗ ಸಿನಿಮಾ ತನ್ನ 24ರ ಲೆಕ್ಕದಲ್ಲೇ ಟಿ.ವಿ. ತಲುಪುತ್ತದೆ. ಇದಕ್ಕೆ ಖರ್ಚಿಲ್ಲ.
* ಟಿ.ವಿ.ಯ ಚಿತ್ರದ ಆಯ್ಕೆಗಳಲ್ಲಿ ಸಿನಿಮಾ, ಮೂವಿ ಅಥವಾ ಫಿಲ್ಮ್‌ಮೇಕರ್ ಮೋಡ್ ಆರಿಸಿ. ಅಂಗಡಿಗಾಗಿ ಹೊಂದಿಸಿದ ‘ವಿವಿಡ್’ ಮನೆಗೆ ಹೇಳಿಸಿದ್ದಲ್ಲ.
* ಸಿನಿಮಾ ತೀರಾ ಕುಲುಕುತ್ತದೆ ಎನಿಸಿದರೆ ‘ಡಿ-ಜಡರ್’ ಅಥವಾ ‘ಜಡರ್ ರಿಡಕ್ಷನ್’ ಅನ್ನು 10ರಲ್ಲಿ 2 ಅಥವಾ 3ಕ್ಕಷ್ಟೇ ಇಡಬಹುದು. ‘ಬ್ಲರ್ ರಿಡಕ್ಷನ್’ ಕ್ರೀಡೆಗೆ ಉಪಯುಕ್ತ.

ಯಾರಿಗೆ ಬೇಕು, ಯಾರಿಗೆ ಬೇಡ?

ಕ್ರಿಕೆಟ್, ಕಬಡ್ಡಿಯನ್ನು ಹೆಚ್ಚಾಗಿ ನೋಡುವವರಿಗೆ ಮತ್ತು ಗೇಮ್ ಆಡುವ ಮಕ್ಕಳಿರುವ ಮನೆಗಳಿಗೆ ನೈಜ 120 ಹರ್ಟ್ಜ್ ಪರದೆಯಿಂದ ಪ್ರಯೋಜನವಿದೆ. ಕ್ರೀಡಾ ಪ್ರಸಾರದಲ್ಲಿ ಚಿತ್ರಗಳ ಸಂಖ್ಯೆ ಹೆಚ್ಚಿರುವುದರಿಂದ ಚಿಪ್‌ಗೆ ಊಹಿಸುವ ಕೆಲಸ ಕಡಿಮೆ. ರಾಣೆಬೆನ್ನೂರಿನ ಕೃಷ್ಣಮೃಗ ವನ್ಯಧಾಮದಂಥ ತಾಣಗಳಲ್ಲಿ ಸೆಕೆಂಡಿಗೆ 60 ಚಿತ್ರಗಳಂತೆ ಸೆರೆಹಿಡಿದ ಜಿಂಕೆಗಳ ನಾಗಾಲೋಟವೂ ಉತ್ತಮ ಪರದೆಯಲ್ಲಿ ಸೊಗಸಾಗಿ ಕಾಣುತ್ತದೆ.

ಕೇವಲ ಸಿನಿಮಾ ಮತ್ತು ಧಾರಾವಾಹಿ ನೋಡುವ ಮನೆಗೆ 24ರ ಸಂಕೇತವನ್ನು ಸಮನಾಗಿ ತೋರಿಸಬಲ್ಲ ಒಳ್ಳೆಯ 60 ಹರ್ಟ್ಜ್ ಟಿ.ವಿ. ಸಾಕು. ಉಳಿದ ಹಣವನ್ನು ಪರದೆಯ ಗುಣಮಟ್ಟಕ್ಕೋ ಧ್ವನಿಗೋ ಹಾಕುವುದು ಜಾಣತನ. ಅಂಗಡಿಗೆ ಹೋಗುವಾಗ ಮೊಬೈಲ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಚೆನ್ನಾಗಿ ಪರಿಚಯವಿರುವ ಸಿನಿಮಾ ತುಣುಕೊಂದನ್ನು ಒಯ್ದು, ಅದನ್ನೇ ಹಾಕಿ ತೋರಿಸುವಂತೆ ಕೇಳುವುದಕ್ಕೆ ಸಂಕೋಚ ಬೇಡ. ಮೆಣಸಿನಕಾಯಿ ಚೀಲವನ್ನು ಬಿಚ್ಚಿ ಕೈಗೆತ್ತಿಕೊಂಡು ನೋಡದೆ ದರ ಹೇಳುವ ವ್ಯಾಪಾರಿ ಬ್ಯಾಡಗಿಯಲ್ಲಿ ಸಿಗುವುದಿಲ್ಲ. ಟಿ.ವಿ. ಕೊಳ್ಳುವವರಿಗೂ ಅದೇ ಹಕ್ಕಿದೆ.

ಪರದೆಯ ನೈಜ ವೇಗ 60 ಇದ್ದು 120 ಎಂದು ಬಿಲ್ಲಿನಲ್ಲಿ ಅಥವಾ ಜಾಹೀರಾತಿನಲ್ಲಿ ನಮೂದಿಸಿ ಮಾರಿದ್ದರೆ ಗ್ರಾಹಕರು ಸುಮ್ಮನಿರಬೇಕಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ದೂರು ನೀಡಲು ಅವಕಾಶ ಕಲ್ಪಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಹಾವೇರಿಯಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ಮೊರೆ ಹೋಗಬಹುದು. ಇದಕ್ಕಾಗಿ ಬಿಲ್, ಪೆಟ್ಟಿಗೆ ಮತ್ತು ಜಾಹೀರಾತಿನ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಂಡಿರುವುದು ಒಳಿತು.